ಪುರುಷಸ್ತನದ ಶಸ್ತ್ರಚಿಕಿತ್ಸೆಯೂ ಅದರ ಪರಿಷ್ಕಾರವೂ: ಒಂದು ಚಾರಿತ್ರಿಕ ವಿವೇಚನೆ

೧

ಚರಿತ್ರೆಯ ಅಧ್ಯಾಪಕನೊಬ್ಬನು ಶಸ್ತ್ರವೈದ್ಯದ ವಿಷಯವನ್ನು ಕುರಿತು ಬರೆಯಹೊರಟರೆ ವಾಚಕರು ಕಾರಣವನ್ನು ಕೇಳುವುದು ಸಹಜ. ಆದಕಾರಣ ಈ ಪ್ರಬಂಧಕ್ಕೆ ಪ್ರೇರಣೆಯಾದ ಸಂಗತಿಯನ್ನು ಮೊದಲೇ ತಿಳಿಸುವುದು ಉಚಿತವೆಂದು ತೋರುತ್ತದೆ. ಶಿವಮೊಗ್ಗೆಯ ರವೀಂದ್ರನಗರದಲ್ಲಿರುವ ನನ್ನ ಮನೆಗೆ, ಹಿಂದೆ ನನ್ನ ತರಗತಿಯಲ್ಲಿ ಓದಿದ್ದ ತರುಣನೊಬ್ಬನು ಒಂದು ಸಂಜೆ ಬಂದನು. ಮಾತು ಬಹಳ ಹೊತ್ತು ಪರೀಕ್ಷೆ, ಉದ್ಯೋಗಗಳ ಸುತ್ತಲೇ ಸುಳಿಯಿತು. ಎದ್ದು ಹೊರಡುವ ವೇಳೆಗೆ ಆತನು ತನ್ನ ನಿಜವಾದ ದುಃಖವನ್ನು ಹೇಳಿದನು. ಹದಿನಾಲ್ಕನೆಯ ವಯಸ್ಸಿನಿಂದ ಅವನ ಎದೆಯು ಹೆಂಗಸರ ಎದೆಯಂತೆ ಬೆಳೆದಿತ್ತು. ಸಹಪಾಠಿಗಳ ಹಾಸ್ಯಕ್ಕೆ ಅಂಜಿ ಅವನು ಬೇಸಗೆಯಲ್ಲಿಯೂ ಅಂಗಿಯೊಳಗೆ ಎರಡು ಬನಿಯನ್ನುಗಳನ್ನು ತೊಡುತ್ತಿದ್ದನು. ತುಂಗೆಯಲ್ಲಿ ಈಜುವುದನ್ನು ಬಿಟ್ಟಿದ್ದನು. ಉದ್ಯೋಗ ದೊರೆತ ಮೇಲೆ, ಕೂಡಿಟ್ಟ ಹಣದಿಂದ ದೂರದ ಊರೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನು. ಉಬ್ಬು ಹೋಯಿತು, ಆದರೆ ಬಲಗಡೆಯ ಮೊಲೆತೊಟ್ಟು ಒಳಕ್ಕೆ ಕುಸಿದು ಬಟ್ಟಲಿನಂಥ ಕುಳಿಯಾಯಿತು, ಎಡಗಡೆಯಲ್ಲಿ ಗಂಟೊಂದು ಉಳಿಯಿತು. "ಸಾರ್, ಮೊದಲು ಇದ್ದದ್ದು ದೇವರು ಕೊಟ್ಟದ್ದು ಅಂತ ಹೇಳಬಹುದಾಗಿತ್ತು. ಈಗಿರೋದು ನಾನೇ ದುಡ್ಡು ಕೊಟ್ಟು ಮಾಡಿಸಿಕೊಂಡದ್ದು. ಯಾರ ಹತ್ತಿರ ಹೇಳಲಿ?" ಎಂದನು. ಸ್ವಲ್ಪ ತಡೆದು, "ಹಿಂದೆ ಯಾರಿಗಾದರೂ ಹೀಗಾಗಿತ್ತೆ?" ಎಂದು ಕೇಳಿದನು.

ಪ್ರಶ್ನೆಯು ಚರಿತ್ರೆಯದು, ಅದಕ್ಕೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕಿದ ಪ್ರಯತ್ನವೇ ಈ ಪ್ರಬಂಧ. ಆತನ ಒಪ್ಪಿಗೆಯನ್ನು ಪಡೆದೇ ಈ ಸಂಗತಿಯನ್ನು ಇಲ್ಲಿ ಹೇಳಿದ್ದೇನೆ. ಚಿಕಿತ್ಸೆಯ ವಿಷಯದಲ್ಲಿ ಸಲಹೆ ಕೊಡುವುದು ವೈದ್ಯರ ಕೆಲಸ. ಅದು ನನ್ನ ಅಧಿಕಾರಕ್ಕೆ ಸೇರಿದುದಲ್ಲ. ಒಂದು ಶಸ್ತ್ರಕರ್ಮವು ಸರಿಹೋಗದಿದ್ದಾಗ ಹಿಂದಿನವರು ಅದನ್ನು ಏನೆಂದು ಕರೆದರು, ಏನು ಮಾಡಿದರು, ಯಾವುದನ್ನು ದೋಷವೆಂದು ಎಣಿಸಿದರು ಎಂಬಷ್ಟನ್ನೇ ಇಲ್ಲಿ ವಿವೇಚಿಸಲಾಗಿದೆ.

೨

ಗಂಡಸಿನ ಎದೆಯು ಹೆಣ್ಣಿನ ಎದೆಯಂತೆ ಬೆಳೆಯುವ ಸ್ಥಿತಿಗೆ ವೈದ್ಯರು ಗೈನೆಕೊಮಾಸ್ಟಿಯ ಎಂಬ ಗ್ರೀಕ್ ಮೂಲದ ಹೆಸರನ್ನು ಬಳಸುತ್ತಾರೆ. ಸ್ತ್ರೀ ಮತ್ತು ಸ್ತನ ಎಂಬ ಎರಡು ಪದಗಳು ಸೇರಿ ಆದ ಮಾತು ಅದು. ಇದರ ಬಳಕೆಯನ್ನು ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್ ಎಂಬ ವೈದ್ಯನವರೆಗೆ ಹಿಂದಕ್ಕೆ ಒಯ್ಯುವುದು ವಾಡಿಕೆ. ಈ ಪ್ರಬಂಧದಲ್ಲಿ ಅದನ್ನು 'ಪುರುಷಸ್ತನ'ವೆಂದು ಕರೆಯೋಣ.

ಈ ಸ್ಥಿತಿಯು ಅಪೂರ್ವವಾದುದಲ್ಲ. ಹುಟ್ಟಿದ ಕೂಸಿನಲ್ಲಿ, ಪ್ರಾಯಕ್ಕೆ ಬರುವ ಹುಡುಗನಲ್ಲಿ, ಮುಪ್ಪಿನವನಲ್ಲಿ, ಹೀಗೆ ಬಾಳಿನ ಮೂರು ಘಟ್ಟಗಳಲ್ಲಿ ಇದು ರೋಗವಿಲ್ಲದೆಯೂ ಕಾಣಿಸಿಕೊಳ್ಳಬಹುದು. ದೇಹದಲ್ಲಿ ಸ್ತ್ರೀತ್ವದ ಮತ್ತು ಪುರುಷತ್ವದ ಹಾರ್ಮೋನುಗಳ ನಡುವಿನ ತೂಕ ಏರುಪೇರಾಗುವುದೇ ಇದಕ್ಕೆ ಮುಖ್ಯ ಕಾರಣ. ಹುಡುಗರಲ್ಲಿ ತೋರುವ ಊತವು ಹೆಚ್ಚಿನ ಪಾಲು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಯಕೃತ್ತಿನ ರೋಗ, ಕೆಲವು ಔಷಧಗಳು, ಮೈಕಟ್ಟಿಗಾಗಿ ಸೇವಿಸುವ ಸ್ಟೀರಾಯ್ಡುಗಳು ಸಹ ಇದನ್ನು ಉಂಟುಮಾಡಬಲ್ಲವು. ೧೯೪೨ರಲ್ಲಿ ಕ್ಲೈನ್‌ಫೆಲ್ಟರ್ ಎಂಬ ಅಮೆರಿಕದ ವೈದ್ಯನು ತನ್ನ ಸಹೋದ್ಯೋಗಿಗಳೊಡನೆ ವರ್ಣಿಸಿದ, ಮುಂದೆ ಅವನ ಹೆಸರನ್ನೇ ಪಡೆದ ಲಕ್ಷಣಸಮೂಹದಲ್ಲಿಯೂ ಪುರುಷಸ್ತನವು ಒಂದು ಮುಖ್ಯ ಲಕ್ಷಣವಾಗಿತ್ತು.

ನೋವಿಗಿಂತ ಹೆಚ್ಚಾಗಿ ನಾಚಿಕೆಯೇ ಇಲ್ಲಿನ ಬಾಧೆ. ಮೈಯ ಮೇಲಣ ಕುರುಹುಗಳಿಂದ ಇವನು ಗಂಡು, ಇವಳು ಹೆಣ್ಣು ಎಂದು ಹೆಸರಿಡುವುದು ಲೋಕದ ರೂಢಿ. ಕನ್ನಡದ ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನು ಈ ರೂಢಿಯನ್ನೇ ಒಂದು ವಚನದಲ್ಲಿ ಪ್ರಶ್ನಿಸಿ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂದು ಸಾರಿದುದು ಪ್ರಸಿದ್ಧವಾಗಿದೆ. ಆದರೆ ವಚನವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳೇ ಆಟದ ಬಯಲಿನಲ್ಲಿ ಜೊತೆಗಾರನ ಎದೆಯನ್ನು ಕಂಡು ನಗುವುದನ್ನು ಅಧ್ಯಾಪಕರಾದ ನಾವೆಲ್ಲ ನೋಡಿದ್ದೇವೆ. ಈ ನಗೆಯು ಎಷ್ಟು ಹಳೆಯದೆಂಬುದನ್ನು ಮುಂದಿನ ಆಧಾರದಿಂದ ತಿಳಿಯಬಹುದು.

೩

ಪುರುಷಸ್ತನದ ಶಸ್ತ್ರಚಿಕಿತ್ಸೆಯನ್ನು ಕುರಿತು ನಮಗೆ ದೊರೆಯುವ ಹಳೆಯ ಸ್ಪಷ್ಟ ವಿವರಣೆಯು ಏಜೀನಾ ದ್ವೀಪದ ಪೌಲನದು. ಈತನು ಏಳನೆಯ ಶತಮಾನದವನು. ಅಲೆಕ್ಸಾಂಡ್ರಿಯದಲ್ಲಿ ವೈದ್ಯವೃತ್ತಿಯನ್ನು ನಡೆಸಿದವನು. ಹಿಂದಿನ ಗ್ರೀಕ್ ವೈದ್ಯರ ತಿಳಿವನ್ನು ಈತನು ಏಳು ಭಾಗಗಳ ಒಂದು ಸಂಗ್ರಹಗ್ರಂಥದಲ್ಲಿ ಅಡಕಗೊಳಿಸಿದನು. ಅದರ ಆರನೆಯ ಭಾಗವು ಶಸ್ತ್ರಕರ್ಮಕ್ಕೆ ಮೀಸಲು. ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಆಡಮ್ಸ್ ಎಂಬ ವಿದ್ವಾಂಸನು ೧೮೪೪ರಿಂದ ೧೮೪೭ರ ಅವಧಿಯಲ್ಲಿ ಇದನ್ನು ಮೂರು ಸಂಪುಟಗಳಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದುದರಿಂದ ನಮ್ಮಂಥವರಿಗೂ ಅದು ಓದಲು ಸಾಧ್ಯವಾಗಿದೆ.

ಪೌಲನ ಮಾತಿನ ಸಾರವಿದು. ಪ್ರಾಯಕ್ಕೆ ಬರುವಾಗ ಗಂಡು ಹೆಣ್ಣು ಇಬ್ಬರಲ್ಲಿಯೂ ಎದೆಯು ಸ್ವಲ್ಪ ಊದಿಕೊಳ್ಳುತ್ತದೆ. ಗಂಡಸರಲ್ಲಿ ಬಹುಮಟ್ಟಿಗೆ ಅದು ಇಳಿಯುತ್ತದೆ. ಕೆಲವರಲ್ಲಿ ಒಳಗೆ ಮೇದಸ್ಸು ಕೂಡಿ ಬೆಳೆಯುತ್ತಲೇ ಹೋಗುತ್ತದೆ. ಇದು ಹೆಣ್ಣಿಗತನವೆಂಬ ನಿಂದೆಯನ್ನು ತರುವುದರಿಂದ ಶಸ್ತ್ರಕರ್ಮವನ್ನು ಮಾಡುವುದು ಯುಕ್ತ. ಸ್ತನದ ಕೆಳಗೆ ಚಂದ್ರಕಲೆಯ ಆಕಾರದಲ್ಲಿ ಕೊಯ್ದು, ಚರ್ಮವನ್ನು ಬಿಡಿಸಿ, ಮೇದಸ್ಸನ್ನು ತೆಗೆದು ಹೊಲಿಯಬೇಕು. ಸ್ತನವು ದೊಡ್ಡದಾಗಿ ಜೋಲುಬಿದ್ದಿದ್ದರೆ, ತುದಿಗಳಲ್ಲಿ ಕೂಡಿಕೊಳ್ಳುವ ಎರಡು ಚಂದ್ರಕಲೆಗಳನ್ನು ಒಂದರೊಳಗೊಂದು ಬರುವಂತೆ ಕೊಯ್ದು, ನಡುವಿನ ಚರ್ಮವನ್ನೂ ತೆಗೆದುಹಾಕಬೇಕು. ಕೊನೆಯದಾಗಿ ಪೌಲನು ಇನ್ನೊಂದು ವಿಧಿಯನ್ನು ಸೇರಿಸುತ್ತಾನೆ: ತಪ್ಪಿನಿಂದ ಕಡಮೆ ಕೊಯ್ದಿದ್ದರೆ, ಉಳಿದುದನ್ನು ಮತ್ತೆ ಕೊಯ್ದು ತೆಗೆದು, ಹೊಸ ಗಾಯಕ್ಕೆ ಮಾಡುವ ಉಪಚಾರವನ್ನು ಮಾಡಬೇಕು.

ಈ ಕೊನೆಯ ವಿಧಿಯೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಈ ಶಸ್ತ್ರಕರ್ಮದ ಇಷ್ಟು ಹಳೆಯ ವಿವರಣೆಯಲ್ಲಿಯೇ ಅದರ ಪರಿಷ್ಕಾರದ ವಿವರಣೆಯೂ ಇದೆ. ಪೌಲನು ಎರಡನೆಯ ಶಸ್ತ್ರಕರ್ಮವನ್ನು ಬೇರೊಂದು ಪ್ರಕರಣವಾಗಿ ಮಾಡಲಿಲ್ಲ. ಅಪವಾದವೆಂದು ಅಂಚಿಗೆ ತಳ್ಳಲಿಲ್ಲ. ಮೊದಲನೆಯದರ ಮುಂದುವರಿಕೆಯೆಂಬಂತೆ ಅದೇ ಉಸಿರಿನಲ್ಲಿ ಹೇಳಿದನು. ತಪ್ಪಾಗುವುದುಂಟೆಂದು ಒಪ್ಪಿಕೊಂಡನು. ತಪ್ಪಿನ ಹೊಣೆಯನ್ನು ರೋಗಿಯ ದೇಹಪ್ರಕೃತಿಯ ಮೇಲೆ ಹೊರಿಸಲೂ ಇಲ್ಲ.

ಆದರೆ ಪೌಲನ ದೃಷ್ಟಿಗೆ ಒಂದು ಮಿತಿಯೂ ಉಂಟು. ಅವನು ಗುರುತಿಸಿದ ದೋಷವು 'ಕಡಮೆ'ಯಾಗುವುದು ಮಾತ್ರ. ಹೆಚ್ಚಾಗಿ ಕೊಯ್ದು ಎದೆಯು ಕುಳಿಬಿದ್ದರೆ ಏನು ಮಾಡಬೇಕೆಂಬುದು ಈ ವಿಧಿಯಲ್ಲಿ ಇಲ್ಲ. ಶಸ್ತ್ರಕರ್ಮದ ಉದ್ದೇಶವು ನಿಂದೆಯನ್ನು ತೊಲಗಿಸುವುದಾದರೆ, ನಿಂದೆಗೆ ಕಾರಣವಾದ ಉಬ್ಬು ಹೋದ ಮೇಲೆ ಶಸ್ತ್ರವೈದ್ಯನ ಕೆಲಸ ಮುಗಿಯಿತೆಂದೇ ಅರ್ಥ. ಅಳತೆಗೋಲು ನೋಡುವವರ ಕಣ್ಣಿನಲ್ಲಿತ್ತೇ ಹೊರತು ಚಿಕಿತ್ಸೆ ಪಡೆದವನ ಮನಸ್ಸಿನಲ್ಲಿರಲಿಲ್ಲ.

೪

ಪೌಲನ ಗ್ರಂಥವು ಅರಬ್ಬೀ ವೈದ್ಯರ ಕೈಸೇರಿತು. ಸ್ಪೇನಿನ ಕಾರ್ಡೋವ ನಗರದ ಸಮೀಪದಲ್ಲಿದ್ದ ಅಲ್ ಜಹ್ರಾವಿಯು (ಮರಣ ಸುಮಾರು ೧೦೧೩) ೩೦ ಭಾಗಗಳ ಮಹಾಗ್ರಂಥವೊಂದನ್ನು ರಚಿಸಿ, ಅದರ ಕೊನೆಯ ಭಾಗವನ್ನು ಶಸ್ತ್ರಕರ್ಮಕ್ಕೆ ಮುಡಿಪಾಗಿಟ್ಟನು. ಪುರುಷಸ್ತನದ ಪ್ರಕರಣದಲ್ಲಿ ಅವನು ಬಹುಮಟ್ಟಿಗೆ ಪೌಲನನ್ನೇ ಅನುಸರಿಸುತ್ತಾನೆ. ಅದೇ ಚಂದ್ರಕಲೆಯ ಕೊಯ್ತ. ಜೋಲುಬಿದ್ದ ಎದೆಗೆ ಅದೇ ಜೋಡಿ ಕೊಯ್ತ. ಆದರೆ ಪರಿಷ್ಕಾರದ ಸಂದರ್ಭದಲ್ಲಿ ಅವನು ತನ್ನ ಅನುಭವವನ್ನು ಸೇರಿಸಿದಂತೆ ಕಾಣುತ್ತದೆ. ರೋಗಿಯು ಹೊರಳಾಡಿದುದರಿಂದಲೋ ರಕ್ತಸ್ರಾವದಿಂದಲೋ ಕೆಲಸ ಅರ್ಧಕ್ಕೆ ನಿಂತರೆ, ಗಾಯದೊಳಗೆ ಮಾಂಸವನ್ನು ತಿನ್ನುವ ಲೇಪದಲ್ಲಿ ಅದ್ದಿದ ಹತ್ತಿಯನ್ನು ತುಂಬಿ, ಉಳಿದ ಮೇದಸ್ಸು ಸವೆದುಹೋಗುವವರೆಗೆ ಬಿಡಬೇಕೆಂದು ಅವನು ವಿಧಿಸುತ್ತಾನೆ.

ಈ ಒಂದು ವಾಕ್ಯದಿಂದ ಆ ಕಾಲದ ಶಸ್ತ್ರಶಾಲೆಯ ಚಿತ್ರವೇ ಕಣ್ಣಮುಂದೆ ನಿಲ್ಲುತ್ತದೆ. ಇಂದಿನ ಅರಿವಳಿಕೆ ಇಲ್ಲ. ರೋಗಿಯು ಎಚ್ಚರವಾಗಿದ್ದಾನೆ, ನೋವಿನಿಂದ ಹೊರಳುತ್ತಾನೆ, ರಕ್ತ ನಿಲ್ಲುವುದಿಲ್ಲ. ವೈದ್ಯನು ಕೈಬಿಟ್ಟು ಹಿಂದೆಗೆಯುತ್ತಾನೆ. ಪೌಲನು 'ತಪ್ಪು' ಎಂದ ಮಾತಿಗೆ ಇಲ್ಲಿ ಕಾರಣ ದೊರೆಯಿತು. ಹೀಗಿರುವಲ್ಲಿ ಕಡಮೆ ಕೊಯ್ಯುವುದೇ ಸಾಮಾನ್ಯ ದೋಷವಾಗಿದ್ದುದು ಆಶ್ಚರ್ಯವಲ್ಲ. ಹೆಚ್ಚು ಕೊಯ್ಯಲು ಬೇಕಾದ ಸಮಯವೇ ಆಗಿನ ವೈದ್ಯನಿಗೆ ಇರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕ್ರೆಮೋನದ ಜೆರಾರ್ಡನು ಈ ಭಾಗವನ್ನು ಲ್ಯಾಟಿನ್ನಿಗೆ ಪರಿವರ್ತಿಸಿದನು. ೧೪೬೫ರಲ್ಲಿ ಅನತೋಲಿಯದ ಅಮಾಸ್ಯ ಎಂಬಲ್ಲಿ ಸಬುಂಜುವೊಗ್ಲು ಎಂಬ ವೈದ್ಯನು ತುರ್ಕಿ ಭಾಷೆಯಲ್ಲಿ ಬರೆದ ಸಚಿತ್ರ ಗ್ರಂಥದಲ್ಲಿಯೂ ಈ ಶಸ್ತ್ರಕರ್ಮವು ಸೇರಿದೆ. ಹೀಗೆ ಒಂದು ವಿಧಿಯು ಗ್ರೀಕ್, ಅರಬ್ಬೀ, ಲ್ಯಾಟಿನ್, ತುರ್ಕಿ ಭಾಷೆಗಳನ್ನು ದಾಟಿ ಎಂಟು ಶತಮಾನಗಳ ಕಾಲ ನಡೆದುಬಂದಿತು.

೫

ಈ ಪರಂಪರೆಗೆ ಭಾರತದ ಶಸ್ತ್ರವೈದ್ಯವು ಯಾವ ಉತ್ತರವನ್ನು ಕೊಡುತ್ತದೆ? ಇಲ್ಲಿ ಉತ್ಸಾಹಕ್ಕೆ ಕಡಿವಾಣ ಅಗತ್ಯ. ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಚರಿತ್ರಕಾರನ ಧರ್ಮವಲ್ಲ. ಸುಶ್ರುತಸಂಹಿತೆಯಲ್ಲಿ ಸ್ತನರೋಗದ ಪ್ರಕರಣವಿದೆ. ಆದರೆ ಅದು ಸ್ತ್ರೀಯರನ್ನು ಕುರಿತದ್ದು. ಪುರುಷಸ್ತನವನ್ನು ಕೊಯ್ದು ತೆಗೆಯುವ ಪೌಲನ ವಿಧಿಗೆ ಸಮಾನವಾದ ಅಧ್ಯಾಯವನ್ನು ಅಲ್ಲಿ ಹುಡುಕುವುದು ವ್ಯರ್ಥ.

ಆದರೆ ಶಸ್ತ್ರಕರ್ಮದ ದೋಷಗಳನ್ನು ವಿಂಗಡಿಸುವ ವಿಷಯದಲ್ಲಿ ಸುಶ್ರುತನ ದೃಷ್ಟಿಯು ಪೌಲನಿಗಿಂತ ವಿಶಾಲವಾಗಿದೆ. ಸೂತ್ರಸ್ಥಾನದಲ್ಲಿ ಎಂಟು ಬಗೆಯ ಶಸ್ತ್ರಕರ್ಮಗಳನ್ನು ವಿವರಿಸಿದ ಬಳಿಕ ಅವನು ಅವುಗಳಲ್ಲಿ ಸಂಭವಿಸಬಹುದಾದ ನಾಲ್ಕು ಕೇಡುಗಳನ್ನು ಹೇಳುತ್ತಾನೆ. ಮೊದಲನೆಯದು ಹೀನಚ್ಛೇದ, ಎಂದರೆ ಬೇಕಾದುದಕ್ಕಿಂತ ಕಡಮೆ ಕೊಯ್ಯುವುದು. ಎರಡನೆಯದು ಅತಿರಿಕ್ತಚ್ಛೇದ, ಎಂದರೆ ಹೆಚ್ಚಾಗಿ ಕೊಯ್ಯುವುದು. ಮೂರನೆಯದು ತಿರ್ಯಕ್ ಛೇದ, ಎಂದರೆ ಓರೆಯಾಗಿ ಕೊಯ್ಯುವುದು. ನಾಲ್ಕನೆಯದು ವೈದ್ಯನು ತನ್ನ ಮೈಯನ್ನೇ ಕೊಯ್ದುಕೊಳ್ಳುವುದು. ಕಡಮೆ, ಹೆಚ್ಚು, ಓರೆ ಎಂಬ ಮೂರನ್ನೂ ಸಮಾನವಾಗಿ ದೋಷಗಳೆಂದು ಎಣಿಸಿರುವುದು ಇಲ್ಲಿ ಗಮನಾರ್ಹ. ಶಿಷ್ಯನು ಮೊದಲು ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ತವನ್ನು ಅಭ್ಯಾಸ ಮಾಡಬೇಕೆಂದು ಇದೇ ಸಂಹಿತೆಯು ವಿಧಿಸುವುದರ ಹಿಂದೆ ಈ ಎಚ್ಚರವೇ ಇದೆ.

ಎರಡನೆಯ ಸಂಗತಿಯೆಂದರೆ, ಗಾಯವು ಮಾಯುವುದರೊಡನೆ ಚಿಕಿತ್ಸೆಯು ಮುಗಿಯಿತೆಂದು ಸುಶ್ರುತನು ಭಾವಿಸಲಿಲ್ಲ. ವ್ರಣದ ಉಪಚಾರವನ್ನು ಏಳು ಮೆಟ್ಟಿಲುಗಳಾಗಿ ಹೇಳುವಾಗ ಆರನೆಯದು ರೋಪಣ, ಎಂದರೆ ಮಾಯಿಸುವುದು; ಅದರ ಮುಂದಿನದು ವೈಕೃತಾಪಹ, ಎಂದರೆ ಮಾಯ್ದ ಮೇಲೆ ಉಳಿದ ವಿಕಾರವನ್ನು ಹೋಗಲಾಡಿಸುವುದು. ಚಿಕಿತ್ಸಾಸ್ಥಾನದಲ್ಲಿ ಎಣಿಸಿರುವ ೬೦ ಉಪಕ್ರಮಗಳಲ್ಲಿ ತಗ್ಗಿದುದನ್ನು ಮೇಲೆತ್ತುವ ಉತ್ಸಾದನ, ಉಬ್ಬಿದುದನ್ನು ತಗ್ಗಿಸುವ ಅವಸಾದನ, ಬಿಳುಪೇರಿದ ಕಲೆಯನ್ನು ಕಪ್ಪಾಗಿಸುವ ಕೃಷ್ಣಕರ್ಮ, ಕಪ್ಪಾದುದನ್ನು ತಿಳಿಯಾಗಿಸುವ ಪಾಂಡುಕರ್ಮ, ಕೂದಲನ್ನು ಮತ್ತೆ ಬೆಳೆಯಿಸುವ ರೋಮಸಂಜನನ ಇವೆಲ್ಲ ಸೇರಿವೆ. ಈ ಲೇಪಗಳೂ ಚೂರ್ಣಗಳೂ ಎಷ್ಟರಮಟ್ಟಿಗೆ ಫಲಕಾರಿಯಾಗಿದ್ದವೆಂಬುದು ಬೇರೆ ಪ್ರಶ್ನೆ. ಮಾಯ್ದ ಗಾಯದ ರೂಪಕ್ಕೂ ವೈದ್ಯನೇ ಹೊಣೆಯೆಂಬ ತತ್ತ್ವವು ಇಲ್ಲಿ ಶಾಸ್ತ್ರದ ಅಂಗವಾಗಿದೆಯೆಂಬುದು ನಮ್ಮ ಪ್ರಕೃತ ವಿಚಾರಕ್ಕೆ ಸಾಕು.

೬

ತತ್ತ್ವವು ಗ್ರಂಥದಲ್ಲಿದ್ದರೆ ಆಚರಣೆಯಲ್ಲಿತ್ತೆ? ಈ ಪ್ರಶ್ನೆಗೆ ಕನ್ನಡನಾಡಿನ ಚರಿತ್ರೆಯೊಡನೆ ಹೆಣೆದುಕೊಂಡ ಒಂದು ಸಾಕ್ಷ್ಯವಿದೆ. ಅದು ಎದೆಗೆ ಸಂಬಂಧಿಸಿದುದಲ್ಲ, ಮೂಗಿಗೆ ಸಂಬಂಧಿಸಿದುದು. ಆದರೂ ರೂಪವನ್ನು ಸರಿಪಡಿಸುವ ಶಸ್ತ್ರಕರ್ಮವೊಂದನ್ನು ಕಣ್ಣಾರೆ ಕಂಡವರ ಹೇಳಿಕೆಯ ಆಧಾರವಿರುವುದರಿಂದ ಅದನ್ನು ಇಲ್ಲಿ ಪರಿಶೀಲಿಸಬೇಕು.

ಮೂರನೆಯ ಮೈಸೂರು ಯುದ್ಧದಲ್ಲಿ (೧೭೯೦-೯೨) ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕವಸ್ಜಿ ಎಂಬ ಮರಾಠನು ಟೀಪುವಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಕೂಡಿಕೊಂಡನು. ಸುಮಾರು ೧೨ ತಿಂಗಳ ಕಾಲ ಮೂಗಿಲ್ಲದೆ ಇದ್ದು, ಬಳಿಕ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದವನೊಬ್ಬನಿಂದ ಹೊಸ ಮೂಗನ್ನು ಮಾಡಿಸಿಕೊಂಡನು. ಮುಂಬಯಿ ಆಧಿಪತ್ಯದ ಇಬ್ಬರು ಇಂಗ್ಲಿಷ್ ವೈದ್ಯರು ಈ ಶಸ್ತ್ರಕರ್ಮವನ್ನು ನೋಡಿದರು. ಇದರ ವಿವರವು ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್ ಪತ್ರಿಕೆಯ ೧೭೯೪ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಹಿತವಾಗಿ ಪ್ರಕಟವಾಯಿತು. ಟೀಪುವಿನ ಶತ್ರುಗಳ ಪತ್ರಿಕೆಯಲ್ಲಿ ಬಂದ ವರದಿಯಾದುದರಿಂದ ಯುದ್ಧದ ಸಂಗತಿಗಳನ್ನು ಓದುವಾಗ ಎಚ್ಚರಿಕೆ ಬೇಕು. ಶಸ್ತ್ರಕರ್ಮದ ವಿವರಗಳನ್ನು ತಿರುಚಬೇಕಾದ ಕಾರಣ ಮಾತ್ರ ಅವರಿಗಿರಲಿಲ್ಲ.

ವಿವರ ಹೀಗಿದೆ. ಮೂಗಿನ ಮೋಟಿನ ಮೇಲೆ ತೆಳುವಾದ ಮೇಣದ ತಗಡನ್ನು ಕೂಡಿಸಿ ಒಳ್ಳೆಯ ಮೂಗಿನ ಆಕಾರವನ್ನು ಕೊಟ್ಟು, ಅದನ್ನು ಚಪ್ಪಟೆಯಾಗಿ ಬಿಡಿಸಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವುದು. ಆ ಗೆರೆಯಂತೆ ಹಣೆಯ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವಣ ಸಣ್ಣ ಪಟ್ಟಿಯನ್ನು ಮಾತ್ರ ಕೊಯ್ಯದೆ ಉಳಿಸಿ, ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಜಾಗದಲ್ಲಿ ಕೂಡಿಸುವುದು. ಉಳಿಸಿದ ಪಟ್ಟಿಯ ಮೂಲಕ ರಕ್ತವು ಹರಿದು ಹೊಸ ಮೂಗು ಬದುಕುತ್ತದೆ. ಸುಮಾರು ೨೫ನೆಯ ದಿನ ಆ ಪಟ್ಟಿಯನ್ನು ಕತ್ತರಿಸುತ್ತಾರೆ. ಹೊಸ ಮೂಗಿನ ರೂಪವು ಚೆನ್ನಾಗುವಂತೆ ಆಗ ಮತ್ತೆ ಸ್ವಲ್ಪ ಕೊಯ್ದು ತಿದ್ದುತ್ತಾರೆ.

ಇಲ್ಲಿಯೂ ಎರಡನೆಯ ಶಸ್ತ್ರವಿದೆ. ಅದು ತಪ್ಪಾಯಿತೆಂದು ಮಾಡಿದುದಲ್ಲ. ಮೊದಲಿನಿಂದಲೂ ಎಣಿಸಿ ಇಟ್ಟುಕೊಂಡಿದ್ದ ಮೆಟ್ಟಿಲು. ಮೊದಲ ದಿನವೇ ಅಂಗವು ಪೂರ್ಣರೂಪವನ್ನು ತಾಳುವುದಿಲ್ಲ. ಮಾಂಸವು ಊದುತ್ತದೆ, ಇಳಿಯುತ್ತದೆ, ಕುಗ್ಗುತ್ತದೆ. ಅದು ನೆಲೆಗೊಳ್ಳುವವರೆಗೆ ಕಾದು ಬಳಿಕ ತಿದ್ದಬೇಕು ಎಂಬುದನ್ನು ಇಟ್ಟಿಗೆ ಮಾಡುವ ಕುಲದ ಈ ಶಸ್ತ್ರಜ್ಞನು ಚೆನ್ನಾಗಿ ಬಲ್ಲವನಾಗಿದ್ದನು. ಕಳೆದುಹೋದ ಭಾಗವನ್ನು ಅದೇ ದೇಹದ ನೆರೆಯ ಭಾಗದಿಂದ ಕಡ ತಂದು ತುಂಬಬಹುದೆಂಬ ಸೂತ್ರವೂ ಇಲ್ಲಿ ಅಡಗಿದೆ. ಈ ವರದಿಯನ್ನು ಓದಿದ ಲಂಡನ್ನಿನ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಇದೇ ಕ್ರಮದಲ್ಲಿ ಶಸ್ತ್ರಕರ್ಮವನ್ನು ನಡೆಸಿ ೧೮೧೬ರಲ್ಲಿ ಪ್ರಕಟಿಸಿದನು. ಯುರೋಪಿನ ರೂಪಶಸ್ತ್ರವೈದ್ಯದ ಪುನರುಜ್ಜೀವನಕ್ಕೆ ಅದು ನಾಂದಿಯಾಯಿತು.

೭

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಸಾಧನೆಗಳು ಶಸ್ತ್ರವೈದ್ಯದ ಸ್ವರೂಪವನ್ನು ಬದಲಾಯಿಸಿದವು. ೧೮೪೬ರಲ್ಲಿ ಬಾಸ್ಟನ್ನಿನಲ್ಲಿ ಈಥರಿನ ಅರಿವಳಿಕೆಯನ್ನು ಬಹಿರಂಗವಾಗಿ ತೋರಿಸಲಾಯಿತು. ೧೮೬೭ರಲ್ಲಿ ಲಿಸ್ಟರನು ಗಾಯವು ಕೊಳೆಯದಂತೆ ತಡೆಯುವ ಕ್ರಮವನ್ನು ಪ್ರಕಟಿಸಿದನು. ರೋಗಿಯು ಹೊರಳುವುದು ನಿಂತಿತು. ಶಸ್ತ್ರವೈದ್ಯನಿಗೆ ಸಮಯ ದೊರೆಯಿತು. ಅಲ್ ಜಹ್ರಾವಿಯ ತೊಡಕು ಪರಿಹಾರವಾಯಿತು. ನಮ್ಮ ಸೀಮೆಯಲ್ಲಿಯೂ ಬೆಂಗಳೂರಿನ ವಿಕ್ಟೋರಿಯ ಆಸ್ಪತ್ರೆ (೧೯೦೦), ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು (೧೯೨೪) ಇವುಗಳ ಮೂಲಕ ಈ ಹೊಸ ಶಸ್ತ್ರವೈದ್ಯವು ನೆಲೆಯೂರಿತು. ಭಾರತದ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘವು ೧೯೫೭ರಲ್ಲಿ ಸ್ಥಾಪನೆಯಾಯಿತು.

ಪುರುಷಸ್ತನದ ವಿಷಯದಲ್ಲಿ ಮುಖ್ಯವಾದ ತಿರುವು ಬಂದದ್ದು ೧೯೪೬ರಲ್ಲಿ. ಆ ವರ್ಷ ಅಮೆರಿಕದ ಜೆರೋಮ್ ವೆಬ್‌ಸ್ಟರ್ ಎಂಬ ಶಸ್ತ್ರವೈದ್ಯನು ಮೊಲೆತೊಟ್ಟಿನ ಸುತ್ತಣ ಕಪ್ಪು ಮಂಡಲದೊಳಗೆ ಅರ್ಧವೃತ್ತಾಕಾರವಾಗಿ ಕೊಯ್ದು ಗ್ರಂಥಿಯನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದನು. ಪೌಲನ ಚಂದ್ರಕಲೆಯು ಎದೆಯ ಕೆಳಗಿನಿಂದ ಮೇಲಕ್ಕೇರಿ, ಕಪ್ಪು ಬಿಳುಪುಗಳು ಕೂಡುವೆಡೆಯಲ್ಲಿ ಮರೆಯಾಯಿತು. ಗಾಯದ ಕಲೆಯೂ ಕಾಣಬಾರದೆಂಬ ಅಪೇಕ್ಷೆಯು ಆ ವಿಧಾನದಲ್ಲಿಯೇ ಸ್ಪಷ್ಟವಾಗಿದೆ. ೧೯೭೩ರಲ್ಲಿ ಸೈಮನ್, ಹಾಫ್‌ಮನ್, ಕಾನ್ ಎಂಬವರು ಉಬ್ಬಿನ ಗಾತ್ರವನ್ನೂ ಚರ್ಮದ ಸಡಿಲನ್ನೂ ಅಳೆದು ದರ್ಜೆಗಳನ್ನು ಏರ್ಪಡಿಸಿದರು. ಪೌಲನು ಒಂದು ಕೊಯ್ತ, ಎರಡು ಕೊಯ್ತ ಎಂದು ಮಾಡಿದ ವಿಂಗಡಣೆಯೇ ಇಲ್ಲಿ ಹೊಸ ರೂಪದಲ್ಲಿ ಮರಳಿತೆನ್ನಬಹುದು. ೧೯೭೦ರ ದಶಕದಲ್ಲಿ ಇಟಲಿ ಮತ್ತು ಫ್ರಾನ್ಸುಗಳಲ್ಲಿ ಸಣ್ಣ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ವಿಧಾನವು ಬೆಳೆಯಿತು. ೧೯೮೦ರ ದಶಕದಲ್ಲಿ ಅದು ಪುರುಷಸ್ತನದ ಚಿಕಿತ್ಸೆಗೂ ಸೇರಿಕೊಂಡಿತು.

ಸಾಧನಗಳು ಸುಧಾರಿಸಿದಂತೆ ದೋಷದ ಸ್ವರೂಪವೂ ಬದಲಾಯಿತು. ರೋಗಿಯು ಅಲುಗಾಡದೆ ಮಲಗಿರುವಾಗ, ಸಣ್ಣ ಕೊಯ್ತದ ಮೂಲಕ, ಒಳಗಿನ ಗ್ರಂಥಿಯನ್ನೆಲ್ಲ ಬಳಿದು ತೆಗೆಯುವುದು ಸಾಧ್ಯವಾಯಿತು. ಆಗ ಪೌಲನ ವಿಧಿಯಲ್ಲಿ ಹೆಸರಿಲ್ಲದ, ಸುಶ್ರುತನು ಸಾಮಾನ್ಯವಾಗಿ ಹೆಸರಿಸಿದ ಅತಿರಿಕ್ತಚ್ಛೇದವು ಮುಂದೆ ಬಂದಿತು. ಮೊಲೆತೊಟ್ಟಿನ ಕೆಳಗೆ ಆಧಾರವೇ ಇಲ್ಲದೆ ಅದು ಮಾಂಸಖಂಡಕ್ಕೆ ಅಂಟಿಕೊಂಡು ತಟ್ಟೆಯಂತೆ ತಗ್ಗಿಹೋಗುವ ವಿಕಾರಕ್ಕೆ ಶಸ್ತ್ರವೈದ್ಯರು ತಟ್ಟೆಯ ಹೆಸರನ್ನೇ ಇಟ್ಟಿದ್ದಾರೆ. ಇದನ್ನು ತಪ್ಪಿಸಲು ತೊಟ್ಟಿನ ಕೆೳಗೆ ಗ್ರಂಥಿಯ ತೆಳುವಾದ ಬಿಲ್ಲೆಯೊಂದನ್ನು ಬೇಕೆಂದೇ ಉಳಿಸುವುದು ಇಂದಿನ ಪದ್ಧತಿ. ಎಷ್ಟನ್ನು ತೆಗೆಯಬೇಕೆಂಬುದಕ್ಕಿಂತ ಎಷ್ಟನ್ನು ಉಳಿಸಬೇಕೆಂಬುದು ಈ ಕಲೆಯ ಸಾರವೆಂದು ಶಸ್ತ್ರವೈದ್ಯರು ಅನುಭವದಿಂದ ಕಲಿತರು.

೮

ಇಂದಿನ ಪರಿಷ್ಕಾರಕ್ರಮವನ್ನು ಸುಶ್ರುತನ ಮೂರು ಮಾತುಗಳ ಕೆಳಗೆ ವಿಂಗಡಿಸಿ ನೋಡಬಹುದು. ಈ ವಿಂಗಡಣೆಯು ವಿವರಣೆಯ ಅನುಕೂಲಕ್ಕಾಗಿ ನಾನು ಮಾಡಿಕೊಂಡದ್ದು. ಇದರಿಂದ ಇಂದಿನ ಜ್ಞಾನವು ಅಂದೇ ಇದ್ದಿತೆಂದು ಯಾರೂ ಭಾವಿಸಬಾರದು.

ಹೀನಚ್ಛೇದದಲ್ಲಿ ಗ್ರಂಥಿಯೋ ಕೊಬ್ಬೋ ಉಳಿದು ಗಂಟಾಗಿ ಕೈಗೆ ಸಿಗುತ್ತದೆ, ಇಲ್ಲವೆ ಉಬ್ಬು ಮತ್ತೆ ತೋರುತ್ತದೆ. ಕೊಬ್ಬನ್ನು ಹೀರುವ ಕೊಳವೆಗೆ ಗಟ್ಟಿಯಾದ ಗ್ರಂಥಿಯು ಸುಲಭವಾಗಿ ಬಗ್ಗುವುದಿಲ್ಲವಾದುದರಿಂದ ಹೀರುವುದೊಂದನ್ನೇ ನೆಚ್ಚಿದ ಕಡೆ ಹೀಗಾಗುವುದುಂಟು. ಇದಕ್ಕೆ ಮದ್ದು ಪೌಲನು ಹೇಳಿದುದೇ: ಉಳಿದುದನ್ನು ಮತ್ತೆ ತೆಗೆಯುವುದು, ಸಾಧ್ಯವಾದಲ್ಲಿ ಹಳೆಯ ಕಲೆಯ ಮೂಲಕವೇ ತೆಗೆಯುವುದು.

ಅತಿರಿಕ್ತಚ್ಛೇದವು ಹೆಚ್ಚು ಕಷ್ಟದ್ದು. ಉಳಿದುದನ್ನು ತೆಗೆಯಬಹುದು; ತೆಗೆದುದನ್ನು ಮರಳಿ ಇಡುವುದು ಹೇಗೆ? ಇಲ್ಲಿ ಕವಸ್ಜಿಯ ಹಣೆಯ ಚರ್ಮವು ನೆನಪಿಗೆ ಬರುತ್ತದೆ. ಅಂಟಿಕೊಂಡ ತೊಟ್ಟನ್ನು ಕೆಳಗಿನ ಮಾಂಸದಿಂದ ಬಿಡಿಸಿ, ನೆರೆಯಲ್ಲಿರುವ ಕೊಬ್ಬಿನ ಪದರವನ್ನು ಅದರ ಅಡಿಗೆ ಸರಿಸುತ್ತಾರೆ. ಅಥವಾ ಹೊಟ್ಟೆ, ತೊಡೆಗಳಿಂದ ಕೊಬ್ಬನ್ನು ತೆಗೆದು ಕುಳಿಯಲ್ಲಿ ಸ್ವಲ್ಪಸ್ವಲ್ಪವಾಗಿ ತುಂಬುತ್ತಾರೆ. ಕೊಬ್ಬನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಾಟುವ ಪ್ರಯತ್ನವನ್ನು ಜರ್ಮನಿಯ ನ್ಯೂಬರ್ ಎಂಬವನು ೧೮೯೩ರಲ್ಲಿಯೇ ವರದಿಮಾಡಿದ್ದನು. ಅದು ಕ್ರಮಬದ್ಧವಾದ ವಿಧಾನವಾದದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ನಾಟಿದ ಕೊಬ್ಬಿನಲ್ಲಿ ಒಂದು ಪಾಲು ಕರಗಿಹೋಗುವುದರಿಂದ ಇದನ್ನು ಮತ್ತೊಮ್ಮೆ ಮಾಡಬೇಕಾಗಿ ಬರಬಹುದು.

ತಿರ್ಯಕ್ ಎಂಬುದರ ಕೆಳಗೆ ಎಡಬಲಗಳ ಅಸಮತೆ, ಮೇಲ್ಮೈಯ ತಗ್ಗುದಿಣ್ಣೆ, ದಪ್ಪಗಟ್ಟಿದ ಕಲೆಗಳು ಇವುಗಳನ್ನು ಸೇರಿಸಬಹುದು. ಒಳಗಿನದು ಹೋದ ಮೇಲೆ ಚರ್ಮವು ಜೋಲುವುದು ಮತ್ತೊಂದು ತೊಂದರೆ. ಚರ್ಮವು ತಾನಾಗಿಯೇ ಕುಗ್ಗುವ ಗುಣವುಳ್ಳದ್ದಾದುದರಿಂದ ಕೆಲವು ತಿಂಗಳು ನೋಡಿ, ಆಮೇಲೂ ಸಡಿಲಾಗಿದ್ದರೆ ಕೊಯ್ಯುವುದು ಲೇಸೆಂದು ಹಲವರು ಭಾವಿಸುತ್ತಾರೆ.

ಈ ಎಲ್ಲದಕ್ಕೂ ಮೊದಲು ಎರಡು ಕಟ್ಟಳೆಗಳಿವೆ. ಒಂದು, ಕಾಯುವುದು. ಊತವು ಇಳಿದು ಕಲೆಯು ಮೃದುವಾಗುವವರೆಗೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ, ಎರಡನೆಯ ಶಸ್ತ್ರಕ್ಕೆ ಕೈಹಾಕುವುದಿಲ್ಲ. ಪುಣೆಯ ಶಸ್ತ್ರಜ್ಞನ ೨೫ ದಿನಗಳು ಇಲ್ಲಿ ತಿಂಗಳುಗಳಾಗಿವೆ, ತತ್ತ್ವ ಒಂದೇ. ಮೊದಲ ದಿನಗಳಲ್ಲಿಯೇ ಒಳಗೆ ರಕ್ತ ಕಟ್ಟಿಕೊಂಡರೆ ಮಾತ್ರ ತಡಮಾಡದೆ ನೋಡಬೇಕಾಗುತ್ತದೆ. ಎರಡು, ಕಾರಣವನ್ನು ವಿಚಾರಿಸುವುದು. ಉಬ್ಬು ಮರಳಿ ಬಂದುದು ಔಷಧದಿಂದಲೋ ಹಾರ್ಮೋನಿನಿಂದಲೋ ಆಗಿದ್ದರೆ, ಮೂಲವನ್ನು ಬಿಟ್ಟು ಕೊಯ್ಯುವುದರಿಂದ ಫಲವಿಲ್ಲ. ಮೊದಲ ಶಸ್ತ್ರಕರ್ಮದ ದಾಖಲೆಯೂ, ತೆಗೆದ ಭಾಗದ ಪರೀಕ್ಷೆಯ ವರದಿಯೂ ಕೈಯಲ್ಲಿದ್ದರೆ ಎರಡನೆಯ ವೈದ್ಯನ ದಾರಿ ಸುಗಮವಾಗುತ್ತದೆ. ದಾಖಲೆಯ ಬೆಲೆಯನ್ನು ಚರಿತ್ರೆಯ ವಿದ್ಯಾರ್ಥಿಗಳಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

೯

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಪುರುಷಸ್ತನವೂ ಅದರ ನಾಚಿಕೆಯೂ ಈ ಕಾಲದ ಶೋಕಿಯಿಂದ ಹುಟ್ಟಿದವಲ್ಲ. ಏಳನೆಯ ಶತಮಾನದ ವೈದ್ಯನು ಶಸ್ತ್ರವನ್ನು ಕೈಗೆತ್ತಿಕೊಂಡುದು ಜನರ ನಿಂದೆಯ ಕಾರಣದಿಂದಲೇ. ಎರಡನೆಯದಾಗಿ, ರೂಪವನ್ನು ಕುರಿತ ಶಸ್ತ್ರಕರ್ಮದಲ್ಲಿ ಪರಿಷ್ಕಾರವು ಹೊರಗಿನಿಂದ ಬಂದು ಸೇರಿದುದಲ್ಲ. ಪೌಲನ ಕೊನೆಯ ವಿಧಿ, ಸುಶ್ರುತನ ಏಳನೆಯ ಮೆಟ್ಟಿಲು, ಕವಸ್ಜಿಯ ೨೫ನೆಯ ದಿನ ಇವು ಮೂರೂ ಬೇರೆಬೇರೆ ನೆಲದಲ್ಲಿ ನಿಂತು ಒಂದೇ ಮಾತನ್ನು ಹೇಳುತ್ತವೆ. ಎರಡನೆಯ ಸಲ ವೈದ್ಯನ ಬಳಿಗೆ ಹೋಗುವುದು ರೋಗಿಗೆ ಅವಮಾನವಲ್ಲ. ಎರಡನೆಯ ಸಲ ಕೈಯಿಡುವುದು ವೈದ್ಯನಿಗೂ ಅವಮಾನವಲ್ಲ. ತಿದ್ದಬೇಕಾದುದನ್ನು ಕಂಡೂ ಎಲ್ಲವೂ ಸರಿಯಾಗಿದೆಯೆಂದು ಹೇಳಿ ಕಳುಹಿಸುವುದೇ ಶಾಸ್ತ್ರಕ್ಕೆ ಹೊರತಾದುದು.

ಮೂರನೆಯದು ಕಾಲದ ಬದಲಾವಣೆ. ಉಬ್ಬು ಹೋಯಿತೇ ಎಂದು ಹಿಂದೆ ಕೇಳುತ್ತಿದ್ದರು. ಎದೆಯು ಎದೆಯಂತಿದೆಯೇ ಎಂದು ಇಂದು ಕೇಳುತ್ತಾರೆ. ಮೊದಲ ಪ್ರಶ್ನೆಗೆ ಬೀದಿಯಲ್ಲಿ ನಿಂತವನೂ ಉತ್ತರ ಹೇಳಬಲ್ಲನು. ಎರಡನೆಯದಕ್ಕೆ ಆ ಎದೆಯನ್ನು ಹೊತ್ತವನೇ ಉತ್ತರ ಹೇಳಬೇಕು. ತೀರ್ಪು ಕೊಡುವ ಅಧಿಕಾರವು ನೋಡುವವರಿಂದ ಅನುಭವಿಸುವವನಿಗೆ ಬಂದುದು ಈ ಚರಿತ್ರೆಯಲ್ಲಿ ಕಾಣುವ ನಿಜವಾದ ಪ್ರಗತಿ.

ಈ ಕರಡನ್ನು ನಾನು ಮೊದಲು ಓದಿ ಹೇಳಿದುದು ಆ ಹಳೆಯ ವಿದ್ಯಾರ್ಥಿಗೆ. ಆತನು ವೈದ್ಯರ ಸೂಚನೆಯಂತೆ ವರ್ಷ ತುಂಬುವುದನ್ನು ಕಾಯುತ್ತಿದ್ದಾನೆ. ಎರಡನೆಯ ಶಸ್ತ್ರಕರ್ಮದ ಫಲವು ಹೇಗಾಗುವುದೆಂದು ನಾನಾಗಲಿ ಅವನಾಗಲಿ ಈಗ ಹೇಳಲಾರೆವು. ಆದರೆ ಅವನು ಅಂದು ಕೇಳಿದ ಪ್ರಶ್ನೆಗೆ ಉತ್ತರವಿದೆ. ಹಿಂದೆಯೂ ಹೀಗಾಗಿತ್ತು, ೧೩ ಶತಮಾನಗಳ ಹಿಂದೆಯೇ ಆಗಿತ್ತು. ಮತ್ತೆ ಸರಿಪಡಿಸಬೇಕೆಂದು ಆಗಲೇ ಒಬ್ಬನು ಬರೆದಿಟ್ಟಿದ್ದನು.